ದ್ರಾವಣದಲ್ಲಿ ಅಲ್ಪಾಯು ರ‍್ಯಾಡಿಕಲ್‌ಗಳ ಪತ್ತೆ: ಇತಿಹಾಸ

ಜೋಡಿಯಿಲ್ಲದ ಎಲೆಕ್ಟ್ರಾನ್ ಹೊತ್ತ ಅಣು ಅಥವಾ ಅಣುಭಾಗವೇ ಮುಕ್ತ ರ‍್ಯಾಡಿಕಲ್. 1900ರಲ್ಲಿ ಮೋಸೆಸ್ ಗೊಂಬರ್ಗ್ ಗುರುತಿಸಿದ ಟ್ರೈಫೀನೈಲ್‌ಮೀಥೈಲ್ ಗಾಳಿ ಸೋಕದಿದ್ದರೆ ದ್ರಾವಣದಲ್ಲಿ ಉಳಿಯುತ್ತಿತ್ತು. ಕ್ಷಣದಲ್ಲಿ ಅಳಿಯುವವನ್ನು ಹಿಡಿಯಲು 1944ರಲ್ಲಿ ಜವೊಯ್‌ಸ್ಕಿ ಕಂಡುಹಿಡಿದ ಇಎಸ್‌ಆರ್ (ಜೋಡಿಯಿಲ್ಲದ ಎಲೆಕ್ಟ್ರಾನನ್ನು ಕಾಂತಕ್ಷೇತ್ರದಲ್ಲಿ ಗುರುತಿಸುವ ವಿಧಾನ), 1949ರ ನಾರಿಶ್–ಪೋರ್ಟರ್ ಫ್ಲ್ಯಾಶ್ ಫೋಟಾಲಿಸಿಸ್ (ಬೆಳಕಿನ ಮಿಂಚಿನಿಂದ ರ‍್ಯಾಡಿಕಲ್ ಹುಟ್ಟಿಸಿ ನೋಡುವ ವಿಧಾನ) ದಾರಿಮಾಡಿದವು. 1962ರಲ್ಲಿ ಹಾರ್ಟ್ ಮತ್ತು ಬೋಗ್ ನೀರಿನಲ್ಲಿ ನೆಲೆನಿಂತ ಎಲೆಕ್ಟ್ರಾನನ್ನೇ ಸುಮಾರು 720 ನ್ಯಾನೊಮೀಟರ್ ಬೆಳಕಿನ ಹೀರಿಕೆಯಿಂದ ಕಂಡರು.

ವಿವಾದಗಳು ಹುಟ್ಟಿದ್ದು ಜೀವಕೋಶದ ದ್ರಾವಣಗಳಲ್ಲಿ. ಒಂದು ಎಲೆಕ್ಟ್ರಾನ್ ಹೆಚ್ಚು ಪಡೆದ ಆಮ್ಲಜನಕವಾದ ಸೂಪರ್‌ಆಕ್ಸೈಡ್ ರ‍್ಯಾಡಿಕಲ್ ಬೆಳಕು ಹೀರುವ 245 ನ್ಯಾನೊಮೀಟರ್ ಆಸುಪಾಸಿನಲ್ಲಿ ಪ್ರೋಟೀನುಗಳೂ ಕೋಶದಲ್ಲಿ ಎಲೆಕ್ಟ್ರಾನ್ ಒಯ್ಯುವ ಎನ್‌ಎಡಿಎಚ್ ಕೂಡ ಹೀರುತ್ತವೆ. ಕೋಣೆಯ ಉಷ್ಣತೆಯ ನೀರಿನಲ್ಲಿ ಅದರ ಇಎಸ್‌ಆರ್ ಗೆರೆ ಕಾಣದಷ್ಟು ಹರಡಿಹೋಗುತ್ತದೆ. ಹೀಗಾಗಿ ಅದನ್ನು ಅದರ ಕೆಲಸದಿಂದಲೇ ಊಹಿಸಬೇಕು. 1960ರ ದಶಕದ ಕೊನೆಗೆ ಬಂದ ಸ್ಪಿನ್ ಟ್ರ್ಯಾಪಿಂಗ್‌ನಲ್ಲೂ (ರ‍್ಯಾಡಿಕಲ್ಲನ್ನು ಬೇರೊಂದು ಅಣುವಿಗೆ ಸೇರಿಸಿ ಹಿಡಿದಿಡುವ ವಿಧಾನ) ತೊಡಕಿತ್ತು: ಡಿಎಂಪಿಒ ಎಂಬ ಬಲೆಗೆ ಬಿದ್ದ ಸೂಪರ್‌ಆಕ್ಸೈಡ್ ಕೆಲವೇ ನಿಮಿಷಗಳಲ್ಲಿ ರೂಪ ಬದಲಿಸಿ, ಹೈಡ್ರಾಕ್ಸಿಲ್ ರ‍್ಯಾಡಿಕಲ್ ಸಿಕ್ಕಿದಂತೆಯೇ ತೋರುತ್ತದೆ.

ಊಹೆಯ ಈ ಕಷ್ಟ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆದ ಟಿ. ರಾಮಶರ್ಮ ಅವರ ವನಾಡೇಟ್ ಸಂಶೋಧನೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ.  ವನೇಡಿಯಮ್‌ನ ಲವಣವಾದ ವನಾಡೇಟ್ ಸೇರಿಸಿದರೆ ಕೋಶಪೊರೆಗಳಲ್ಲಿ ಎನ್‌ಎಡಿಎಚ್ ಬೇಗ ಉತ್ಕರ್ಷಣಗೊಳ್ಳುತ್ತಿತ್ತು. ಅಮೆರಿಕದ ಇರ್ವಿನ್ ಫ್ರಿಡೊವಿಚ್ ಅವರ ಗುಂಪು, ಇದು ಸೂಪರ್‌ಆಕ್ಸೈಡ್ ಹಚ್ಚಿದ ಸರಪಳಿ ಕ್ರಿಯೆ, ಪೊರೆಯ ಕಿಣ್ವ ಆ ರ‍್ಯಾಡಿಕಲ್ಲನ್ನು ಒದಗಿಸುತ್ತದಷ್ಟೆ ಎಂದಿತು. ಸೂಪರ್‌ಆಕ್ಸೈಡನ್ನು ನಾಶಮಾಡುವ ಡಿಸ್ಮ್ಯೂಟೇಸ್ ಈ ಕ್ರಿಯೆಯನ್ನು ತಡೆಯುತ್ತಿತ್ತು. 1986ರಲ್ಲಿ ರಾಮಶರ್ಮ ಬಳಗ, ಕ್ಸಾಂಥೀನ್ ಆಕ್ಸಿಡೇಸ್ ಎಂಬ ಕಿಣ್ವಕ್ಕೆ ವನಾಡೇಟ್ ಜೊತೆ ಎನ್‌ಎಡಿಎಚ್ ಅನ್ನು ಉತ್ಕರ್ಷಿಸುವ ಗುಣ ಸಹಜವಾದದ್ದು ಎಂದು ವಾದಿಸಿತು. 1988ರ ಬರಹದಲ್ಲಿ ಬಹುಘಟಕ ವನಾಡೇಟ್, ಫಾಸ್ಫೇಟ್, ಸೂಪರ್‌ಆಕ್ಸೈಡ್ ಮೂರೂ ಬೇಕೆಂದಿತು. ಡಿಸ್ಮ್ಯೂಟೇಸ್‌ನಿಂದ ಕ್ರಿಯೆ ನಿಂತರೆ ಸೂಪರ್‌ಆಕ್ಸೈಡ್ ಅದರಲ್ಲಿ ಭಾಗಿ ಎಂದು ತಿಳಿಯುತ್ತದೆ. ಮೊದಲ ಎಲೆಕ್ಟ್ರಾನ್ ಎಲ್ಲಿಂದ ಬಂತೆಂಬುದು ಅದರಿಂದ ತಿಳಿಯದು, ಜಗಳವಿದ್ದದ್ದು ಅಲ್ಲೇ.

ಹೊಳೆಯುವ ಬಣ್ಣಗಳು ಬಂದ ಮೇಲೂ ಸಮಸ್ಯೆ ತೀರಲಿಲ್ಲ. ಹೈಡ್ರೊಎಥಿಡೀನ್ ಎಂಬ ಬಣ್ಣ ಉತ್ಕರ್ಷಣಗೊಂಡಾಗ ಬರುವ ಕೆಂಪು ಹೊಳಪನ್ನು ಎಥಿಡಿಯಮ್‌ನದೆಂದು ನಂಬಿ, ಅದನ್ನೇ ಸೂಪರ್‌ಆಕ್ಸೈಡ್‌ನ ಅಳತೆಯೆಂದು ಬಹುಕಾಲ ಓದಲಾಗುತ್ತಿತ್ತು. ಸೂಪರ್‌ಆಕ್ಸೈಡ್‌ನಿಂದ ಹುಟ್ಟುವ ವಸ್ತು ಎಥಿಡಿಯಮ್ ಅಲ್ಲ, ಬೇರೆಯೇ ಎಂದು 2003ರಲ್ಲಿ ಪ್ರಕಟವಾಯಿತು. ಎರಡರ ಹೊಳಪೂ ಕೆಂಪೇ ಆದ್ದರಿಂದ ಅವನ್ನು ಕ್ರೊಮ್ಯಾಟೊಗ್ರಫಿಯಿಂದ ಬೇರ್ಪಡಿಸಿ ಅಳೆಯಬೇಕಾಗುತ್ತದೆ.