ಜ್ವಾಲಾಮುಖಿಯ ನೆಲ ಯಾರ ಸ್ವತ್ತು?

ಜ್ವಾಲಾಮುಖಿ ಎಂದೊಡನೆ ನಮಗೆ ನೆನಪಾಗುವುದು ಜಪಾನ್, ಇಟಲಿ. ನಮ್ಮ ಬಯಲುಸೀಮೆಯೂ ಒಂದು ಕಾಲಕ್ಕೆ ಬೆಂಕಿ ಉಗುಳಿತ್ತು ಎಂದರೆ ಮುರುಗಮಲ್ಲದ ರೈತರು ಹುಬ್ಬೇರಿಸಿಯಾರು. ಆದರೆ 2007ರವರೆಗೆ ಈ ಊರನ್ನೂ ಒಳಗೊಂಡಿದ್ದ ಕೋಲಾರ ಜಿಲ್ಲೆಯಲ್ಲೇ ಅದಕ್ಕೆ ಸಾಕ್ಷಿಯಿದೆ. ಕೆಜಿಎಫ್ ಬಳಿಯ ಪೆದ್ದಪಲ್ಲಿಯಲ್ಲಿ, ಸುಮಾರು 270 ಕೋಟಿ ವರ್ಷಗಳ ಹಿಂದೆ ಸಿಡಿದ ಕಲ್ಲಿನ ಚೂರುಗಳು ಬೆಸೆದುಕೊಂಡ ಬಂಡೆಗಳಿವೆ. ನೀರಿನಡಿ ಉಕ್ಕಿ, ದಿಂಬಿನಾಕಾರದಲ್ಲಿ ಗಟ್ಟಿಯಾದ ಲಾವಾ ಇದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳ ಪಟ್ಟಿಗೆ ಸೇರಿಸಿದೆ. ಕೋಲಾರದ ಚಿನ್ನ ಹುದುಗಿದ್ದೂ ಇದೇ ಲಾವಾ ಶಿಲೆಗಳ ಪಟ್ಟಿಯಲ್ಲಿ.

ಬಂಡೆಯನ್ನು ಸ್ಮಾರಕವೆಂದು ಘೋಷಿಸಬಹುದು. ಸುತ್ತಲಿನ ನೆಲವನ್ನು ಉಳಿಸುವುದು ಹೇಗೆ? ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯ ಇದಕ್ಕೊಂದು ದಾರಿ ತೋರಿಸಿದೆ. ಅಲ್ಲಿನ ವಾಯೆಸ್ ಕಾಲ್ಡೆರಾ, ಸುಮಾರು 12 ಲಕ್ಷ ವರ್ಷಗಳ ಹಿಂದೆ ಜ್ವಾಲಾಮುಖಿ ಸಿಡಿದು ನೆಲ ಕುಸಿದಾಗ ಉಂಟಾದ ಬೃಹತ್ ಬೋಗುಣಿ. ಅಗಲ ಸುಮಾರು 20 ಕಿ.ಮೀ. 1860ರಲ್ಲಿ ಅಮೆರಿಕದ ಸಂಸತ್ತು ಈ ಪ್ರದೇಶವನ್ನು, ಬೇರೆಡೆ ಕಳೆದುಕೊಂಡ ಜಮೀನಿಗೆ ಪರಿಹಾರವಾಗಿ, ಬಾಕಾ ಮನೆತನಕ್ಕೆ ಕೊಟ್ಟಿತು. ಮುಂದೆ ಅದು ಕೈಯಿಂದ ಕೈಗೆ ದಾಟಿ ಕುರಿ, ದನ ಮೇಯಿಸುವ ಖಾಸಗಿ ಹುಲ್ಲುಗಾವಲಾಯಿತು. ಮರಗಳೂ ಉರುಳಿದವು. ಕೊನೆಗೆ 2000ದಲ್ಲಿ ಸಂಸತ್ತು ವಿಶೇಷ ಕಾನೂನು ಮಾಡಿತು. ಸರ್ಕಾರ 10.1 ಕೋಟಿ ಡಾಲರ್ ತೆತ್ತು ಜಮೀನು ಕೊಂಡಿತು. ಸುಮಾರು 89 ಸಾವಿರ ಎಕರೆ ಸಂರಕ್ಷಿತ ಪ್ರದೇಶವಾಯಿತು.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಈ ನೆಲ ತನ್ನ ಖರ್ಚನ್ನು ತಾನೇ ದುಡಿದುಕೊಳ್ಳಬೇಕೆಂಬ ಷರತ್ತು ಫಲಿಸಲಿಲ್ಲ. 2015ರಲ್ಲಿ ರಾಷ್ಟ್ರೀಯ ಉದ್ಯಾನ ಇಲಾಖೆ ಇದರ ಆಡಳಿತ ವಹಿಸಿಕೊಂಡಿತು. ಈ ನೆಲ ಮೊದಲಿನಿಂದಲೂ ತಮ್ಮದೆಂದು ಹೇಮೆಸ್ ಬುಡಕಟ್ಟಿನವರು ನ್ಯಾಯಾಲಯದ ಮೆಟ್ಟಿಲೇರಿದರು. ಅದರ ಒಂದು ಭಾಗದ ಮೇಲೆ ಅವರಿಗೆ ಮೂಲನಿವಾಸಿಗಳ ಹಕ್ಕಿದೆಯೆಂದು 2023ರಲ್ಲಿ ಮೇಲ್ಮನವಿ ನ್ಯಾಯಾಲಯ ಒಪ್ಪಿತು.

ಈಗ ಕೋಲಾರದತ್ತ ನೋಡೋಣ. ಇಲ್ಲಿಯೂ ಖಾಸಗಿ ಹಿಡಿತ ಸಾರ್ವಜನಿಕವಾಯಿತು. 1880ರಿಂದ ಗಣಿ ನಡೆಸಿದ ಬ್ರಿಟಿಷರ ಜಾನ್ ಟೇಲರ್ ಕಂಪನಿಯಿಂದ 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಶಕ್ಕೆ ಪಡೆಯಿತು. ಮುಂದೆ ಅವು ಕೇಂದ್ರದ ಪಾಲಾದವು. ಆದರೆ ಉದ್ದೇಶ ನೆಲವನ್ನು ಕಾಯುವುದಲ್ಲ, ಚಿನ್ನ ತೆಗೆಯುವುದು. 2001ರಲ್ಲಿ ಗಣಿ ಮುಚ್ಚಿತು. ಉಳಿದದ್ದು ನಿರುದ್ಯೋಗ ಮತ್ತು 13 ಸೈನೈಡ್ ದಿಬ್ಬಗಳು. ಈ ದಿಬ್ಬಗಳಲ್ಲಿ ಮತ್ತೆ ಗಣಿಗಾರಿಕೆ ನಡೆಸುವ ಕೇಂದ್ರದ ಪ್ರಸ್ತಾವಕ್ಕೆ 2024ರಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ನೀಡಿತು.

ಎರಡೂ ಕಡೆ ನೆಲ ಸರ್ಕಾರದ ಕೈಗೆ ಬಂತು. ಫಲ ಮಾತ್ರ ಬೇರೆಯಾಯಿತು. ಪಹಣಿಯಲ್ಲಿ ಯಾರ ಹೆಸರಿದೆ ಎಂಬುದಷ್ಟೇ ನೆಲವನ್ನು ಉಳಿಸುವುದಿಲ್ಲ. ಏತಕ್ಕಾಗಿ ಪಡೆದದ್ದು, ಅಲ್ಲಿ ಬಾಳಿದವರ ಪಾಲೇನು ಎಂಬುದು ಕಾನೂನಿನಲ್ಲಿ ಮೊದಲೇ ಸ್ಪಷ್ಟವಾಗಬೇಕು. ನಮ್ಮ ಗೋಮಾಳ, ಗುಡ್ಡಗಳಿಗೂ ಈ ಮಾತು ಸಲ್ಲುತ್ತದೆ.