ಸೋಮವಾರ ಗುಹೆಗೆ ರಜೆ

ನಮ್ಮ ಸಂಘದ ಎರಡು ದಿನಗಳ ವಿಚಾರ ಸಂಕಿರಣಕ್ಕೆ ಊರ ಕಡೆಯಿಂದ ಇಪ್ಪತ್ತೆಂಟು ಮಂದಿ ಅತಿಥಿಗಳು ಬರುವವರಿದ್ದರು. ವೇದಿಕೆ ಯಾರದು, ಊಟ ಯಾರದು, ಸ್ಟೇಶನ್ನಿಗೆ ಹೋಗುವವರು ಯಾರು ಎಂದೆಲ್ಲ ಹಂಚಿಕೆಯಾದ ಮೇಲೆ ಕೊನೆಗೆ ಉಳಿದದ್ದು ‘ಸ್ಥಳ ವೀಕ್ಷಣೆ’. ಇತಿಹಾಸ ಓದಿದವನು ಎಂಬ ಒಂದೇ ತಪ್ಪಿಗೆ ಅದು ನನ್ನ ಪಾಲಿಗೆ ಬಂತು.

ಶನಿವಾರ, ಭಾನುವಾರ ಗೋಷ್ಠಿಗಳು. ಹಾಗಾದರೆ ಸೋಮವಾರ ಬೆಳಿಗ್ಗೆ ಎಂಟಕ್ಕೆ ಹೊರಟು ಸಂಜೆ ಐದರೊಳಗೆ ವಾಪಸು ಎಂದು ಬರೆದುಕೊಂಡು ಸಭೆಗೆ ಹೋದೆ. ಮೂವತ್ತು ವರ್ಷ ಈ ಊರಲ್ಲಿ ಕಳೆದ ಹಿರಿಯರೊಬ್ಬರು ಹಾಳೆ ನೋಡಿ ನಕ್ಕರು. “ಸೋಮವಾರ ಎಲಿಫೆಂಟಾನೂ ಬಂದ್, ಕಾನ್ಹೇರಿನೂ ಬಂದ್. ಗೇಟು ತೋರಿಸಿ ಕರ್ಕೊಂಡು ಬರ್ತೀಯಾ ಮಾರಾಯ?” ಪ್ರವಾಸ ಶುಕ್ರವಾರಕ್ಕೆ ಬಂತು, ಒಂದು ದಿನ ಮೊದಲೇ ಬರುವವರಿಗೆ ಮಾತ್ರ ಎಂದಾಯಿತು.

ಇನ್ನು ಉಳಿದದ್ದು ಒಂದೇ ಪ್ರಶ್ನೆ: ಎಲ್ಲಿಗೆ? ಎಲಿಫೆಂಟಾಗೆ ಹೋಗಲು ನಗರದ ದಕ್ಷಿಣದ ತುದಿಗೆ, ಗೇಟ್‌ವೇ ಆಫ್ ಇಂಡಿಯಾಕ್ಕೆ ಹೋಗಿ ಲಾಂಚ್ ಹಿಡಿಯಬೇಕು. ಕಾನ್ಹೇರಿ ಇರುವುದು ಉತ್ತರದಲ್ಲಿ, ಬೊರಿವಲಿಯ ರಾಷ್ಟ್ರೀಯ ಉದ್ಯಾನದೊಳಗೆ. ಹಗಲು ಒಂದೇ, ದಿಕ್ಕು ಎರಡು. ಆಯ್ದುಕೊಳ್ಳಲೇಬೇಕಿತ್ತು.

ಸಮಿತಿಯಲ್ಲಿ ಬಹುಮತ ಎಲಿಫೆಂಟಾಗೆ. ಕಾರಣಗಳೂ ದುರ್ಬಲವಲ್ಲ. 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ತಾಣ, ಸಮುದ್ರ ಯಾನದ ಸುಖ, ಗುಹೆಯೊಳಗೆ ಮೂರು ಮುಖಗಳ ಆ ಸದಾಶಿವ. ಪೋರ್ಚುಗೀಸರು ದ್ವೀಪಕ್ಕೆ ಆ ಹೆಸರಿಟ್ಟದ್ದು ಅಲ್ಲಿದ್ದ ದೊಡ್ಡ ಕಲ್ಲಾನೆಯಿಂದ. ಆ ಆನೆ 1814ರಲ್ಲಿ ಕುಸಿದುಬಿತ್ತು. ಈಗ ಅದು ಬೈಕಲಾದ ಜಿಜಾಮಾತಾ ಉದ್ಯಾನದಲ್ಲಿದೆ. ಸ್ಥಳೀಯರ ಬಾಯಲ್ಲಿ ದ್ವೀಪದ ಹೆಸರು ಇವತ್ತಿಗೂ ಘಾರಾಪುರಿ.

ಈ ‘ಪುರಿ’ ಎಂಬ ಮಾತೇ ಸಮಿತಿಯಲ್ಲಿ ಉತ್ಸಾಹ ಎಬ್ಬಿಸಿದ್ದು. ಐಹೊಳೆಯ ಮೇಗುತಿ ಗುಡಿಯ ಗೋಡೆಯಲ್ಲಿ ಕ್ರಿ.ಶ. 634ರ ಶಾಸನವಿದೆ. ರವಿಕೀರ್ತಿ ಅದರಲ್ಲಿ ಇಮ್ಮಡಿ ಪುಲಕೇಶಿಯ ದಿಗ್ವಿಜಯಗಳನ್ನು ಸಂಸ್ಕೃತದಲ್ಲಿ ಹಾಡಿದ್ದಾನೆ. ಕೊಂಕಣದ ಮೌರ್ಯರನ್ನು ಸೋಲಿಸಿದ ಮೇಲೆ ಪುಲಕೇಶಿ ಪಶ್ಚಿಮ ಸಮುದ್ರದ ಸಿರಿಯಂತಿದ್ದ ಪುರಿ ಎಂಬ ಪಟ್ಟಣವನ್ನು ನೂರಾರು ಹಡಗುಗಳಿಂದ ಮುತ್ತಿದನಂತೆ. ಕವಿಯ ಕಣ್ಣಿಗೆ ಆ ಹಡಗುಗಳು ಮದ್ದಾನೆಗಳ ಹಾಗೆ ಕಂಡವು. ಆ ಪುರಿಯೇ ಈ ಘಾರಾಪುರಿ ಎನ್ನುವ ಇತಿಹಾಸಕಾರರಿದ್ದಾರೆ. ಅಲ್ಲ, ಅದು ಜಂಜೀರಾದ ಹತ್ತಿರದ ರಾಜಪುರಿ ಎನ್ನುವವರೂ ಇದ್ದಾರೆ.

“ಬಸ್ಸಿಗೆ ಬ್ಯಾನರ್ ಕಟ್ಟೋಣ, ಪುಲಕೇಶಿ ಗೆದ್ದ ದ್ವೀಪ ಅಂತ” ಎಂದರು ಒಬ್ಬರು. ತಮಾಷೆಗೆ ಅಂದದ್ದಲ್ಲ. ನನಗೆ ಇರಿಸುಮುರಿಸಾಯಿತು. ಗುರುತು ಖಚಿತವಿಲ್ಲ ಎಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡದು ಇನ್ನೊಂದು. ನಾವು ಈ ಊರಿಗೆ ಹಡಗು ತುಂಬ ಸೈನಿಕರಾಗಿ ಬಂದವರಲ್ಲ. ಟ್ರಂಕು ಹಿಡಿದು ಬಂದವರು. ಹೋಟೆಲಿನ ಮಾಡಿಯಲ್ಲಿ ಮಲಗಿ, ರಾತ್ರಿ ಶಾಲೆಯಲ್ಲಿ ಓದಿ, ಕಚೇರಿಗಳ ಏಣಿ ಹತ್ತಿದವರ ಮಕ್ಕಳು. ಅತಿಥಿಗಳಿಗೆ ‘ನಮ್ಮ ಮುಂಬಯಿ’ ತೋರಿಸುವಾಗ ಮುತ್ತಿಗೆಯ ಕತೆಯಿಂದ ಶುರು ಮಾಡಿದರೆ ನೆರೆಮನೆಯ ಮರಾಠಿ ಗೆಳೆಯನ ಮುಖ ನೋಡುವುದು ಹೇಗೆ?

ಕಾನ್ಹೇರಿ ಎಂದು ನಾನು ಹೇಳಿದಾಗ ಮೊದಲು ಬಂದ ಪ್ರಶ್ನೆ, “ಅಲ್ಲಿ ನಮ್ಮದೇನಿದೆ?” ಎಂಬುದು. ಇದೆ. ಅಮೋಘವರ್ಷ ನೃಪತುಂಗನ ಹೆಸರು ಇದೆ. ‘ಕವಿರಾಜಮಾರ್ಗ’ ಹುಟ್ಟಿದ್ದು ಯಾರ ಆಸ್ಥಾನದಲ್ಲೋ ಅದೇ ರಾಷ್ಟ್ರಕೂಟ ದೊರೆ. ಆಗ ಉತ್ತರ ಕೊಂಕಣವನ್ನು ಆಳುತ್ತಿದ್ದ ಶಿಲಾಹಾರರು ಅವನ ಸಾಮಂತರು. ಪುಲ್ಲಶಕ್ತಿ ಮತ್ತು ಎರಡನೆಯ ಕಪರ್ದಿ ಎಂಬ ಶಿಲಾಹಾರರ ಕಾಲದ ಮೂರು ಶಾಸನಗಳು ಕಾನ್ಹೇರಿಯಲ್ಲಿವೆ; ಶಕ ವರ್ಷ 765, 775 ಮತ್ತು 799 ಎಂದು ಅವುಗಳಲ್ಲಿ ಓದಲಾಗಿದೆ. ಮೊದಲನೆಯದು ಕ್ರಿ.ಶ. 843, ಕೊನೆಯದು 877. ಮೂರರಲ್ಲೂ ಒಡೆಯನಾಗಿ ನಿಂತಿರುವವನು ಅಮೋಘವರ್ಷ.

ಇಷ್ಟು ಹೇಳಿದ ಕೂಡಲೇ ಸಮಿತಿ ನನ್ನ ಕಡೆಗೆ ವಾಲಿತು. ಆದರೆ ಆ ಕಲ್ಲುಗಳಲ್ಲಿ ಇರುವುದು ಬರೀ ದೊರೆಯ ಹೆಸರಲ್ಲ, ಅದನ್ನೂ ಪೂರ್ತಿ ಹೇಳಬೇಕಿತ್ತು. ಭಾಷೆ ಕನ್ನಡವಲ್ಲ, ಸಂಸ್ಕೃತ. ವಿಷಯ ಯುದ್ಧವಲ್ಲ, ದತ್ತಿ. ಪುಲ್ಲಶಕ್ತಿಯ ಕಾಲದ ಶಾಸನ ಬೌದ್ಧ ವಿಹಾರಕ್ಕೆ ಕೊಟ್ಟ ದ್ರಮ್ಮಗಳ ಲೆಕ್ಕ ಬರೆಯುತ್ತದೆ: ಪೂಜೆಗೆ ಇಷ್ಟು, ದುರಸ್ತಿಗೆ ಇಷ್ಟು, ಭಿಕ್ಷುಗಳ ಬಟ್ಟೆಗೆ ಇಷ್ಟು, ಪುಸ್ತಕಗಳಿಗೆ ಇಷ್ಟು. ಸಂಘ ನಡೆಸಿದವರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು. ಪುಸ್ತಕದ ಪಾಲು ಯಾವತ್ತೂ ಸಣ್ಣದೇ, ಆದರೂ ಅದನ್ನು ಬಿಡುವಂತಿಲ್ಲ.

ಕಪರ್ದಿಯ ಕಾಲದ, 850ರ ದಶಕದ ಶಾಸನದ ದಾನಿ ಯಾರು ಗೊತ್ತೇ? ಅವಿಘ್ನಾಕರ ಎಂಬ ಬೌದ್ಧ ಉಪಾಸಕ. ಊರು ಗೌಡ ದೇಶ, ಅಂದರೆ ಇಂದಿನ ಬಂಗಾಳದ ಕಡೆ. ಭಾರತದ ಪೂರ್ವದ ಅಂಚಿನಿಂದ ಪಶ್ಚಿಮದ ಅಂಚಿಗೆ ಬಂದು ಈ ಬೆಟ್ಟದಲ್ಲಿ ಧ್ಯಾನದ ಕೋಣೆಗಳನ್ನು ಮಾಡಿಸಿ, ನೂರು ದ್ರಮ್ಮಗಳ ದತ್ತಿ ಇಟ್ಟವನು. ಕನ್ನಡದ ದೊರೆ, ಕೊಂಕಣದ ಸಾಮಂತ, ಬಂಗಾಳದ ದಾನಿ, ಸಂಸ್ಕೃತದ ಬರಹ, ಬೌದ್ಧ ವಿಹಾರ. ಇವಿಷ್ಟೂ ಒಂದೇ ಕಲ್ಲಿನಲ್ಲಿ. ನಾವು ‘ನಮ್ಮದು’ ಹುಡುಕಿಕೊಂಡು ಹೋದರೆ ಅಲ್ಲಿ ಸಿಗುವುದು ನಮ್ಮ ಹಾಗೆಯೇ ಹೊರಗಿನಿಂದ ಬಂದ ಒಬ್ಬ ಮನುಷ್ಯ.

ಶುಕ್ರವಾರ ಹತ್ತೊಂಬತ್ತು ಮಂದಿ ಬಂದರು. ಉದ್ಯಾನದ ಗೇಟಿನಿಂದ ಗುಹೆಗಳಿಗೆ ಆರೇಳು ಕಿಲೋಮೀಟರ್ ಕಾಡುದಾರಿ. ಕಾನ್ಹೇರಿ ಎಂದರೆ ಕೃಷ್ಣಗಿರಿ, ಕಪ್ಪು ಬೆಟ್ಟ. ನೂರಕ್ಕೂ ಹೆಚ್ಚು ಗುಹೆಗಳಿದ್ದರೂ ವಯಸ್ಸಾದವರ ಮಂಡಿ ಲೆಕ್ಕ ಹಾಕಿ ಕೆಲವನ್ನು ಮಾತ್ರ ಗುರುತು ಮಾಡಿಕೊಂಡಿದ್ದೆ. ಮೂರನೆಯ ಗುಹೆಯ ಚೈತ್ಯದಲ್ಲಿ ಎಲ್ಲರೂ ತಾವಾಗಿಯೇ ದನಿ ತಗ್ಗಿಸಿದರು. ಬಂಡೆಯಲ್ಲಿ ಕೊರೆದ ಕಾಲುವೆಗಳು ಮಳೆನೀರನ್ನು ತೊಟ್ಟಿಗಳಿಗೆ ಇಳಿಸುವ ಏರ್ಪಾಡು ನೋಡಿ ಬಿಜಾಪುರದಿಂದ ಬಂದ ಅತಿಥಿಯೊಬ್ಬರು ಶಾಸನಗಳನ್ನೆಲ್ಲ ಮರೆತು ಅಲ್ಲೇ ಕೂತುಬಿಟ್ಟರು. ನೀರಿನ ಬೆಲೆ ಗೊತ್ತಿದ್ದವರು. ಸುತ್ತಲಿನ ಶಾಸನಗಳಲ್ಲಿ ಕಲ್ಯಾಣದ, ಸೋಪಾರದ, ನಾಸಿಕದ ಜನ ಇದ್ದಾರೆ. ವರ್ತಕರು, ಅಕ್ಕಸಾಲಿಗರು, ಕಮ್ಮಾರರು, ಭಿಕ್ಷುಣಿಯರು ಇದ್ದಾರೆ ಎಂದು ನಾನು ಹೇಳುತ್ತಾ ಹೋದೆ. “ಹಾಗಾದ್ರೆ ಇದು ರಾಜರದ್ದಲ್ಲ, ವಂತಿಗೆ ಎತ್ತಿ ಕಟ್ಟಿದ್ದು ಅನ್ರಿ” ಎಂದರು ಅವರು. ನನ್ನ ಅರ್ಧ ಗಂಟೆಯ ಭಾಷಣ ಅವರ ಒಂದು ವಾಕ್ಯದಲ್ಲಿ ಮುಗಿದುಹೋಯಿತು.

ಕೊನೆಗೆ ತೊಂಬತ್ತನೆಯ ಗುಹೆ. ಅಲ್ಲಿ ಪಹ್ಲವಿ ಲಿಪಿಯ ಬರಹಗಳಿವೆ, ಕಾಲ ಕ್ರಿ.ಶ. 1009 ಮತ್ತು 1021. ಜರತುಷ್ಟ್ರ ಧರ್ಮದ ಜನರ ಗುಂಪುಗಳು ಬೌದ್ಧರ ಈ ಬೆಟ್ಟವನ್ನು ನೋಡಲು ಬಂದು, ದಿನ, ತಿಂಗಳು, ವರ್ಷ ನಮೂದಿಸಿ, ಬಂದವರ ಹೆಸರುಗಳನ್ನು ತಂದೆಯ ಹೆಸರಿನೊಂದಿಗೆ ಒಂದೊಂದಾಗಿ ಕೆತ್ತಿಸಿಹೋಗಿದ್ದಾರೆ. ದಾನವಿಲ್ಲ, ವಿಜಯವಿಲ್ಲ, ಯಾವ ಬೇಡಿಕೆಯೂ ಇಲ್ಲ. ಇಂಥ ದಿನ ಇಂಥಿಂಥವರು ಇಲ್ಲಿಗೆ ಬಂದೆವು, ಅಷ್ಟೇ. ಸಾವಿರ ವರ್ಷದ ಹಿಂದಿನ ಒಂದು ಹಗಲಿನ ಪ್ರವಾಸದ ದಾಖಲೆ. ಅವರಲ್ಲೂ ಒಬ್ಬ ನನ್ನಂಥವನು ಇದ್ದಿರಬೇಕು. ಬುತ್ತಿ ಕಟ್ಟಿಸಿ, ದಾರಿ ವಿಚಾರಿಸಿ, ತಲೆ ಎಣಿಸಿದವನು.

ಇಳಿಹೊತ್ತಿಗೆ ಬಸ್ಸು ಹತ್ತುವಾಗ ಯಾರೂ ಹಿಂದುಳಿಯಬಾರದೆಂದು ಜೇಬಿನಿಂದ ಪಟ್ಟಿ ತೆಗೆದೆ. ಮೇಲೆ ತಾರೀಖು, ಕೆಳಗೆ ಹೆಸರು, ಪಕ್ಕದಲ್ಲಿ ಊರು: ಗದಗ, ಬಿಜಾಪುರ, ಕುಂದಾಪುರ, ತುಮಕೂರು. ಒಬ್ಬೊಬ್ಬರನ್ನೇ ಕೂಗುತ್ತಾ ಗೀಟು ಹಾಕಿದೆ. ಹತ್ತೊಂಬತ್ತೂ ಸರಿಯಿತ್ತು. ಗೋಷ್ಠಿಯ ಕಾಗದಪತ್ರಗಳನ್ನೆಲ್ಲ ಆಮೇಲೆ ಕಚೇರಿಗೆ ಒಪ್ಪಿಸಿದೆ. ಈ ಹಾಳೆಯನ್ನು ಮಾತ್ರ ಇಟ್ಟುಕೊಂಡಿದ್ದೇನೆ.