ಬೀಳೋಕೆ ಜಾಗ ಇಲ್ಲದ ಮರ: ಕೊಡಲಿಯಿಂದ ಕ್ರೇನ್‌ವರೆಗೆ

ತೋಟದಲ್ಲಿ ಮರ ಕಡಿಯೋಕೆ ನಮ್ಮಲ್ಲಿ ಇರೋದು ಒಂದೇ ಲೆಕ್ಕ. ಮರ ಯಾವ ಕಡೆ ವಾಲಿದೆ ಅಂತ ನೋಡ್ತೀವಿ. ಬೀಳಬೇಕಾದ ಕಡೆ ಬುಡದಲ್ಲಿ ಕಚ್ಚು ಹಾಕ್ತೀವಿ. ಮೇಲೆ ಹಗ್ಗ ಕಟ್ಟಿ ನಾಲ್ಕು ಜನ ದೂರ ನಿಂತು ಎಳೀತಾರೆ, ಹಿಂದಿನಿಂದ ಗರಗಸ ಹೋಗುತ್ತೆ. ಮರ ಬೀಳುತ್ತೆ. ನಾಲ್ಕು ಬಾಳೆ ಗಿಡ ಮುರಿದರೆ ಮುರೀತು, ಯಾರ ಮನೆಯ ಗೋಡೆಯೂ ಒಡೆಯಲ್ಲ.

ಪೇಟೆಯಲ್ಲಿ ಈ ಲೆಕ್ಕ ನಡೆಯಲ್ಲ. ಒಂದು ಕಡೆ ಪಕ್ಕದ ಮನೆ ಶೀಟು, ಇನ್ನೊಂದು ಕಡೆ ಕರೆಂಟ್ ತಂತಿ, ಮುಂದೆ ರಸ್ತೆ, ಹಿಂದೆ ನೀರಿನ ತೊಟ್ಟಿ. ಅಲ್ಲಿ ಮರಕ್ಕೆ ಬೀಳೋಕೆ ಜಾಗವೇ ಇಲ್ಲ. ಬೀಳಿಸೋಕೆ ಆಗದೆ ಇರೋ ಮರವನ್ನ ಇಳಿಸೋದು ಹೇಗೆ? ಈ ಒಂದು ಪ್ರಶ್ನೆ ಹಿಂದೆ ಸುಮಾರು ನೂರು ವರ್ಷದ ಕಥೆ ಇದೆ. "ಒಂದು ಮರ ತೆಗೆಯೋಕೆ ಅಷ್ಟು ದೊಡ್ಡ ಕ್ರೇನ್ ಯಾಕೆ ಸ್ವಾಮಿ, ದುಡ್ಡು ಹೆಚ್ಚಾಗಿದ್ಯಾ ಅವರಿಗೆ" ಅಂತ ಕೇಳೋರು ನಮ್ಮ ಕಡೆ ತುಂಬಾ ಜನ ಇದ್ದಾರೆ. ಅವರಿಗಾಗಿ ಈ ಟಿಪ್ಪಣಿ. ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ಮೊದಲು ಎತ್ತೋ ಕೆಲಸದ ಹಳೇ ಕಥೆ. ಭಾರ ಎತ್ತೋದು ಮನುಷ್ಯನಿಗೆ ಹೊಸದಲ್ಲ. ಗ್ರೀಕರು, ರೋಮನ್ನರು ಹಗ್ಗ, ರಾಟೆ, ಮರದ ತೊಲೆ ಇಟ್ಕೊಂಡು ಕಲ್ಲು ಎತ್ತುತ್ತಿದ್ರು. ಯುರೋಪಿನ ದೊಡ್ಡ ಚರ್ಚುಗಳನ್ನ ಕಟ್ಟಿದಾಗ ದೊಡ್ಡ ಚಕ್ರದ ಒಳಗೆ ಆಳುಗಳು ನಡೆದು ನಡೆದೇ ಹಗ್ಗ ಸುತ್ತುತ್ತಿದ್ರು. ನಮ್ಮಲ್ಲಿ ಬಾವಿಗೆ ಏತ ಇತ್ತು, ಕಪಿಲೆ ಇತ್ತು. ಕಾಡಿನ ದಿಮ್ಮಿ ಎಳೆಯೋಕೆ ಆನೆ ಇದ್ವು. ಇವತ್ತು ಪ್ರವಾಸಿಗರು ಫೋಟೋ ತೆಗೆಸ್ಕೊಳ್ಳೋ ದುಬಾರೆ, ಸಕ್ರೆಬೈಲು ಬಿಡಾರದ ಆನೆಗಳ ಹಿಂದಿನ ತಲೆಮಾರು ಮಾಡ್ತಿದ್ದದ್ದು ಈ ಕೂಲಿನೇ. ಆದರೆ ಆನೆ ಎಳೆಯೋದು ಬಿದ್ದ ಮರವನ್ನ. ನಿಂತ ಮರದ ತುದಿಯಿಂದ ತುಂಡು ಇಳಿಸೋಕೆ ಆನೆ ಸಾಲದು.

1846ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ಊರಲ್ಲಿ ವಿಲಿಯಂ ಆರ್ಮ್‌ಸ್ಟ್ರಾಂಗ್ ಅನ್ನೋರು ನದಿ ದಡದ ಕಟ್ಟೆ ಮೇಲೆ ಒಂದು ಕ್ರೇನ್ ನಿಲ್ಲಿಸಿದ್ರು. ಕಸುಬಿನಲ್ಲಿ ಅವರು ವಕೀಲರು! ಊರಿನ ನಲ್ಲಿ ನೀರಿನ ಒತ್ತಡದಿಂದಲೇ ಆ ಕ್ರೇನ್ ಭಾರ ಎತ್ತುತ್ತಿತ್ತು. ದ್ರವದ ಒತ್ತಡದಿಂದ ಭಾರ ಎತ್ತಬಹುದು ಅನ್ನೋದು ಅಲ್ಲಿಂದ ಬೆಳೀತಾ ಬಂತು. ನಿಮ್ಮ ಟ್ರ್ಯಾಕ್ಟರ್ ಹಿಂದೆ ನೇಗಿಲು ಮೇಲಕ್ಕೆ ಏಳುತ್ತಲ್ಲ, ಅದೂ ಇದೇ ವಂಶದ್ದು. ಅಲ್ಲಿ ನೀರು, ಇಲ್ಲಿ ಎಣ್ಣೆ, ಅಷ್ಟೇ ವ್ಯತ್ಯಾಸ.

ಇನ್ನೊಂದು ಹೆಜ್ಜೆ ಇಟ್ಟಿದ್ದು ಸ್ವೀಡನ್ ದೇಶ. ಅದು ಕಾಡಿನ ನಾಡು. ಅಲ್ಲಿಯ ಹುಡಿಕ್ಸ್‌ವಾಲ್ ಊರಿನಲ್ಲಿ ಎರಿಕ್ ಸುಂಡಿನ್ ಅನ್ನೋರು ಹಿಮದ ಮೇಲೆ ಜಾರೋ ಸ್ಕೀ ಹಲಗೆ ಮಾಡ್ತಿದ್ರು. ಲಾರಿ ಎಂಜಿನ್ನೇ ಇದೆ, ಅದರ ಶಕ್ತಿಯಿಂದ ಲಾರಿ ಮೇಲೇ ಒಂದು ತೋಳು ಯಾಕೆ ಕೂರಿಸಬಾರದು ಅಂತ ಅವರಿಗೆ ಹೊಳೀತು. 1944ರಲ್ಲಿ ಹಿಯಾಬ್ ಕಂಪನಿ ಶುರುವಾಯ್ತು, 1947ರಲ್ಲಿ ಲಾರಿ ಮೇಲಿನ ಹೈಡ್ರಾಲಿಕ್ ಕ್ರೇನ್ ಬಂತು. ಅಲ್ಲಿಂದ ಕ್ರೇನ್ ಬಂದರಿನಲ್ಲೇ, ಕಾರ್ಖಾನೆಯಲ್ಲೇ ಕೂತಿರಬೇಕು ಅನ್ನೋದು ಹೋಯ್ತು. ಮನೆ ಬಾಗಿಲಿಗೇ ಬರೋ ಕಾಲ ಬಂತು.

ಇತ್ತ ಗರಗಸವೂ ಬದಲಾಗ್ತಿತ್ತು. ಜರ್ಮನಿಯ ಆಂಡ್ರಿಯಾಸ್ ಸ್ಟಿಲ್ 1926ರಲ್ಲಿ ಕರೆಂಟಿನ ಚೈನ್ ಗರಗಸ ಮಾಡಿದ್ರು, 1929ರಲ್ಲಿ ಪೆಟ್ರೋಲಿನದ್ದು. ಆಗ ಒಂದು ಗರಗಸಕ್ಕೆ ಇಬ್ಬರು ಬೇಕಿತ್ತು. ಒಬ್ಬರೇ ಹಿಡಿಯೋ ಗರಗಸ ಬಂದ ಮೇಲೆ ಅದು ಮರದ ಮೇಲಕ್ಕೂ ಹತ್ತಿತು. ಕೆಲಸ ಬೇಗ ಆಯ್ತು, ಅಪಾಯವೂ ಅಷ್ಟೇ ಬೇಗ ಮೇಲೆ ಹತ್ತಿತು.

ಈಗ ಕಥೆ ಅಮೆರಿಕಕ್ಕೆ ಹೋಗಬೇಕು. ಮನೆಗಳ ನಡುವೆ ಮರ ತೆಗೆಯೋ ಕೆಲಸ ದೊಡ್ಡ ಕಸುಬಾಗಿ ಬೆಳೆದದ್ದು ಅಲ್ಲಿ. ಅದಕ್ಕೆ ಒಂದು ಮುಖ್ಯ ಕಾರಣ ರೋಗ. ಅಲ್ಲಿಯ ಊರುಗಳಲ್ಲಿ ರಸ್ತೆಯ ಎರಡೂ ಕಡೆ ಎಲ್ಮ್ ಅನ್ನೋ ಮರ ಸಾಲು ಸಾಲಾಗಿ ನೆಟ್ಟಿದ್ರು. ನೆರಳು ಚಪ್ಪರ ಹಾಕಿದ ಹಾಗೆ ಇರುತ್ತಿತ್ತು. 1930ರಲ್ಲಿ ಒಹಾಯೊ ರಾಜ್ಯದಲ್ಲಿ ಡಚ್ ಎಲ್ಮ್ ರೋಗ ಕಾಣಿಸಿಕೊಳ್ತು. ಯುರೋಪಿನಿಂದ ತರಿಸಿದ ದಿಮ್ಮಿಗಳ ಜೊತೆ ಬಂದ ಶಿಲೀಂಧ್ರ ಅದು. ತೊಗಟೆ ಕೊರೆಯೋ ದುಂಬಿ ಅದನ್ನ ಮರದಿಂದ ಮರಕ್ಕೆ ಹೊತ್ತೊಯ್ಯುತ್ತೆ. ಮೊದಲು ಅಧ್ಯಯನ ಮಾಡಿದ್ದು ನೆದರ್ಲೆಂಡ್ಸಿನ ವಿಜ್ಞಾನಿಗಳು, ಅದಕ್ಕೇ ಡಚ್ ಅನ್ನೋ ಹೆಸರು. ರೋಗ ಹುಟ್ಟಿದ್ದು ಅಲ್ಲಲ್ಲ.

ಸತ್ತ ಎಲ್ಮ್ ಮರವನ್ನ ಹಾಗೇ ಬಿಡೋಕೂ ಆಗಲ್ಲ. ದುಂಬಿ ಅದರ ತೊಗಟೆಯಲ್ಲೇ ಮರಿ ಮಾಡುತ್ತೆ, ಅಲ್ಲಿಂದ ಪಕ್ಕದ ಮರಕ್ಕೆ ಹೋಗುತ್ತೆ. ಸುಳಿಕೊಳೆ ಬಂದು ಸತ್ತ ತೆಂಗನ್ನ ತೋಟದಲ್ಲಿ ನಿಲ್ಲಿಸಬೇಡಿ ಅಂತ ನಮಗೆ ಹೇಳ್ತಾರಲ್ಲ, ಹಾಗೇ. ಹಾಗಾಗಿ ಲೆಕ್ಕವಿಲ್ಲದಷ್ಟು ದೊಡ್ಡ ಮರಗಳನ್ನ ಮನೆ, ತಂತಿ, ರಸ್ತೆಗಳ ಮಧ್ಯದಿಂದ ತೆಗೆಯಲೇಬೇಕಾಯ್ತು. ಆಳು ಮೇಲೆ ಹತ್ತಿ, ಕೊಂಬೆ ಕೊಯ್ದು, ಹಗ್ಗದಲ್ಲಿ ಇಳಿಸೋದು. ಆ ಹಗ್ಗ ಕಟ್ಟೋದೂ ಅದೇ ಮರಕ್ಕೆ! ಸತ್ತ ಮರವೇ ಆಳನ್ನೂ ಹೊರಬೇಕು, ಕೊಯ್ದ ತುಂಡನ್ನೂ ಹೊರಬೇಕು.

ಜನ ಸತ್ತರು. ನ್ಯೂಯಾರ್ಕ್ ರಾಜ್ಯದ ಪೇಂಟೆಡ್ ಪೋಸ್ಟ್ ಅನ್ನೋ ಸಣ್ಣ ಊರಿನ ಒಬ್ಬ ತಾಯಿಯ ಮಗ ಮರ ಕೊಯ್ಯೋ ಕೆಲಸದಲ್ಲಿ ತೀರಿಕೊಂಡ. ಆಕೆ ಸುಮ್ಮನೆ ಕೂರಲಿಲ್ಲ. ಈ ಕೆಲಸಕ್ಕೆ ಸುರಕ್ಷತೆಯ ನಿಯಮವೇ ಇಲ್ಲವಲ್ಲ ಅಂತ ಅಧಿಕಾರಿಗಳಿಗೆ ಪತ್ರದ ಮೇಲೆ ಪತ್ರ ಬರೆದರು. 1968ರಲ್ಲಿ ಅದಕ್ಕಾಗಿ ಸಮಿತಿ ಕೂತಿತು. 1972ರಲ್ಲಿ ಝಡ್ 133 ಅನ್ನೋ ಮಾನದಂಡ ಬಂತು. ಇವತ್ತಿಗೂ ಅಮೆರಿಕದಲ್ಲಿ ಮರದ ಕೆಲಸದವರಿಗೆ ಅದೇ ಆಧಾರ. ಕ್ರೇನ್ ಹೇಗೆ ಬಳಸಬೇಕು, ಆಳನ್ನ ಕ್ರೇನಿನಿಂದ ಮರದ ಮೇಲಕ್ಕೆ ಎತ್ತಬಹುದಾದರೆ ಯಾವ ಷರತ್ತಿನ ಮೇಲೆ, ಎಲ್ಲಾ ಅದರಲ್ಲಿದೆ. ಒಬ್ಬ ತಾಯಿಯ ಹಟದಿಂದ ಹುಟ್ಟಿದ್ದು ಅದು ಅನ್ನೋದನ್ನ ಮರೀಬಾರದು.

ಎಲ್ಮ್ ಹೋದ ಜಾಗದಲ್ಲಿ ಅವರು ಏನು ನೆಟ್ಟರು ಗೊತ್ತಾ? ತುಂಬಾ ಕಡೆ ಆಶ್ ಅನ್ನೋ ಇನ್ನೊಂದು ಮರ. ಮತ್ತೆ ಸಾಲು ಸಾಲಾಗಿ, ಒಂದೇ ಜಾತಿ. 2002ರಲ್ಲಿ ಡೆಟ್ರಾಯಿಟ್ ಹತ್ತಿರ ಹಸಿರು ಬಣ್ಣದ, ಮಿರಿ ಮಿರಿ ಮಿಂಚೋ ಒಂದು ದುಂಬಿ ಸಿಕ್ಕಿತು. ಏಷ್ಯಾದ ಪೂರ್ವ ಭಾಗದ್ದು. ಸಾಮಾನು ತುಂಬೋ ಮರದ ಪೆಟ್ಟಿಗೆಗಳಲ್ಲಿ ಬಂದಿರಬೇಕು ಅಂತಾರೆ. ಅದರ ಹುಳು ತೊಗಟೆ ಕೆಳಗೆ ಹಾವಿನ ಹಾಗೆ ಸುರಂಗ ಕೊರೆಯುತ್ತೆ, ಮರದ ಆಹಾರದ ದಾರಿಯೇ ಬಂದ್. ಮಾವಿನ ಕಾಂಡಕೊರಕ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಕೋಟಿಗಟ್ಟಲೆ ಆಶ್ ಮರ ಸತ್ತವು.

ಸತ್ತ ಆಶ್‌ಗೆ ಒಂದು ಕೆಟ್ಟ ಗುಣ ಇದೆ. ಬೇಗ ಒಣಗಿ ಲಟಕ್ಕನೆ ಮುರಿಯೋ ಹಾಗೆ ಆಗುತ್ತೆ. ಹೊರಗಿನಿಂದ ಗಟ್ಟಿ ಕಾಣುತ್ತೆ, ಆಳು ಹತ್ತಿದರೆ ಕೊಂಬೆ ಕೈ ಕೊಡುತ್ತೆ. ಇಂಥ ಮರ ಹತ್ತಿ ಅಂತ ಯಾರಿಗೂ ಹೇಳೋ ಹಾಗಿಲ್ಲ. ಮನೆಗಳ ನಡುವೆ ಕ್ರೇನ್ ತರೋ ರೂಢಿ ಹೆಚ್ಚಾಗೋಕೆ ಇದೊಂದು ದೊಡ್ಡ ಕಾರಣ. ಈಚಿನ ವರ್ಷಗಳಲ್ಲಿ ಇನ್ನೂ ಒಂದು ಬಂದಿದೆ. ಲಾರಿ ಕ್ರೇನಿನ ಮಡಚೋ ತೋಳಿನ ತುದಿಯಲ್ಲಿ ಕೊಂಬೆ ಹಿಡಿಯೋ ಕೈ, ಅದರಲ್ಲೇ ಗರಗಸ. ಕೆಳಗೆ ನಿಂತವನ ಹತ್ತಿರ ರಿಮೋಟ್. ಮೇಲೆ ಮನುಷ್ಯನೇ ಇಲ್ಲ.

ಕ್ರೇನ್ ಬಂದರೆ ಏನು ಬದಲಾಗುತ್ತೆ ಅನ್ನೋದನ್ನ ನಮ್ಮ ಬೋರ್‌ವೆಲ್ ಲೆಕ್ಕದಲ್ಲಿ ಹೇಳ್ತೀನಿ. ಪಂಪು ಎತ್ತುವಾಗ ಪೈಪನ್ನ ಬಾವಿಯ ಬಾಯಿಗೆ ತೂಗು ಹಾಕ್ತೀವಾ? ಇಲ್ಲ. ಮೂರು ಕಾಲು ನಿಲ್ಲಿಸಿ, ಚೈನ್ ಪುಲ್ಲಿ ಹಾಕಿ, ಭಾರವನ್ನ ಮೇಲಿನಿಂದ ಹಿಡೀತೀವಿ, ಆಮೇಲೆ ಜಾಯಿಂಟ್ ಬಿಚ್ಚುತ್ತೀವಿ. ಕ್ರೇನ್ ಕೆಲಸವೂ ಅದೇ. ಮೊದಲು ಕೊಂಬೆಗೆ ಬೆಲ್ಟ್ ಹಾಕಿ ಕ್ರೇನ್ ಹಿಡ್ಕೊಳ್ಳುತ್ತೆ, ಆಮೇಲೆ ಗರಗಸ. ಕೊಯ್ದ ತುಂಡು ಬೀಳೋದೇ ಇಲ್ಲ, ಎದ್ದು ಹೋಗುತ್ತೆ. ಮರದ ಮೇಲೆ ಜಗ್ಗು ಬೀಳಲ್ಲ.

ಆದರೆ ತೂಕ ಗೊತ್ತಿರಬೇಕು. ಹಸಿ ಮರ ಒಂದು ಘನ ಅಡಿಗೆ ಸುಮಾರು 25 ಕೆಜಿ ಅಂತ ಇಟ್ಕೊಳ್ಳಿ, ಜಾತಿ ಮೇಲೆ ಹೆಚ್ಚು ಕಡಿಮೆ. 2 ಅಡಿ ಅಡ್ಡಗಲ, 10 ಅಡಿ ಉದ್ದದ ತುಂಡು ಅಂದ್ರೆ 31 ಘನ ಅಡಿ ಚಿಲ್ಲರೆ. ಹತ್ತಿರ ಹತ್ತಿರ 8 ಕ್ವಿಂಟಾಲ್! ಕಣ್ಣಿಗೆ ಅಷ್ಟು ಕಾಣಲ್ಲ. ಇನ್ನು ಕ್ರೇನ್ ಮೇಲೆ 12 ಟನ್ ಅಂತ ಬರೆದಿದ್ರೆ ಅದು ತೋಳು ಮಡಚಿ ಹತ್ತಿರದಲ್ಲಿ ಎತ್ತೋ ಲೆಕ್ಕ. ತೋಳು ಚಾಚಿದಷ್ಟೂ ಶಕ್ತಿ ಇಳಿಯುತ್ತೆ. ಪೂರ್ತಿ ಚಾಚಿದಾಗ ಅದರ ಸಣ್ಣ ಪಾಲು ಮಾತ್ರ ಉಳಿಯುತ್ತೆ. ಏತದ ದೊಣ್ಣೆ ಹಿಡಿದವರಿಗೆ ಇದು ಗೊತ್ತು. ಎಷ್ಟು ದೂರಕ್ಕೆ ಎಷ್ಟು ತೂಕ ಅನ್ನೋ ಪಟ್ಟಿ ಕ್ರೇನಿನಲ್ಲೇ ಇರುತ್ತೆ. ಅದನ್ನ ನೋಡದೆ ಎತ್ತೋನು ಜೂಜು ಆಡ್ತಿದ್ದಾನೆ ಅಂತಲೇ ಅರ್ಥ.

ನಮ್ಮ ಕಡೆ ಮರಕ್ಕೆ ಸಾಮಾನ್ಯವಾಗಿ ಕರೆಸೋದು ಹೈಡ್ರಾ. ಅದು ಎಸ್ಕಾರ್ಟ್ಸ್ ಕಂಪನಿಯ ಮಾದರಿಯ ಹೆಸರು. ಮಣ್ಣು ಅಗೆಯೋ ಗಾಡಿಗೆಲ್ಲ ಜೆಸಿಬಿ ಅಂದ ಹಾಗೆ, ಇಂಥ ಕ್ರೇನಿಗೆಲ್ಲ ಹೈಡ್ರಾ ಅಂತಲೇ ರೂಢಿ ಆಗಿದೆ. ಅದು ಕೆಳಗಿರೋ ಭಾರ ಎತ್ತಿಕೊಂಡು ನಾಲ್ಕು ಹೆಜ್ಜೆ ಆಚೆ ಇಡೋಕೆ ಮಾಡಿದ ಗಾಡಿ. ಬಿದ್ದ ದಿಮ್ಮಿ ಲಾರಿಗೆ ತುಂಬೋಕೆ ಬಹಳ ಚೆನ್ನಾಗಿದೆ. ಎತ್ತರದ ಮರದ ತುದಿಯಿಂದ ತುಂಡು ಇಳಿಸೋಕೆ ನಾಲ್ಕೂ ಕಡೆ ಕಾಲು ಊರಿ, ಸುತ್ತ ತಿರುಗೋ ಲಾರಿ ಕ್ರೇನೇ ಬೇಕು. ಆ ಕಾಲು ಊರೋ ಜಾಗವೂ ಮುಖ್ಯ. ಕೆಳಗೆ ಸೆಪ್ಟಿಕ್ ಗುಂಡಿ, ಹಳೇ ಚರಂಡಿ, ಸಂಪು ಇದ್ರೆ ಮುಗೀತು ಕಥೆ.

ಈಗ ಬೆಂಗಳೂರು. ಅಲ್ಲಿಯ ಮರಗಳಿಗೂ ಒಂದು ಇತಿಹಾಸ ಇದೆ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಜರ್ಮನಿಯ ಕ್ರುಂಬಿಗಲ್ ಅವರು ಲಾಲ್‌ಬಾಗ್ ನೋಡ್ಕೊಂಡರು. ಒಂದಾದ ಮೇಲೊಂದು ಜಾತಿ ಹೂ ಬಿಡೋ ಹಾಗೆ ರಸ್ತೆ ಮರಗಳನ್ನ ಯೋಚಿಸಿದರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ್ ಅವರ ಕಾಲದಲ್ಲಿ ನಗರದಲ್ಲಿ ಸುಮಾರು 15 ಲಕ್ಷ ಸಸಿ ನೆಟ್ಟರು. ಇವತ್ತು ನಾವು ನಿಲ್ಲೋ ನೆರಳು ಬಹಳಷ್ಟು ಇವರ ಋಣ. ಆದರೆ ಆ ಸಸಿಗಳಿಗೆ ಈಗ ನಲವತ್ತು ದಾಟಿದೆ. ಬುಡಕ್ಕೆ ಸಿಮೆಂಟ್ ಬಂದಿದೆ, ಕೇಬಲ್ಲಿಗೆ, ಪೈಪಿಗೆ, ಚರಂಡಿಗೆ ಅಂತ ಬೇರು ಕಡಿದಿದ್ದಾರೆ. ಮೇ ತಿಂಗಳ ಗಾಳಿ ಮಳೆಗೆ ಬೀಳೋ ಮರಗಳನ್ನ ನೋಡಿ, ಬುಡದ ಒಂದು ಕಡೆ ಬೇರೇ ಇರಲ್ಲ. ಬೈಯ್ಯೋದು ಮಾತ್ರ ಮರಕ್ಕೆ.

ಕ್ರೇನಿನ ಇನ್ನೊಂದು ಮುಖ ಇಲ್ಲೇ ಕಾಣೋದು. ಹತ್ತು ಆಳು, ನಾಲ್ಕು ದಿನ ಬೇಕಿದ್ದ ಕೆಲಸ ಅರ್ಧ ದಿನಕ್ಕೆ ಮುಗಿದರೆ, ಕಡಿಯೋದು ಬೇಡ ಅಂತ ಯೋಚಿಸೋಕೆ ಸಮಯವೇ ಸಿಗಲ್ಲ. ಕೊಡಲಿ ಕಾಲದಲ್ಲಿ ಕಷ್ಟವೇ ಒಂದು ಕಾವಲು. ಈಗ ಆ ಕಾವಲು ಹೋಗಿದೆ. ಅದಕ್ಕೇ ಕಾನೂನು ಬೇಕು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಸ್ವಂತ ಮನೆ ಅಂಗಳದ ಮರಕ್ಕೂ ವೃಕ್ಷಾಧಿಕಾರಿಯ ಅನುಮತಿ ಬೇಕು, ಕೆಲವು ಜಾತಿಗೆ ವಿನಾಯಿತಿ ಇದೆ. ಕಡಿದರೆ ಬದಲಿಗೆ ನೆಡಬೇಕು. ಕ್ರೇನ್ ಬುಕ್ ಮಾಡೋ ಮೊದಲು ಅರ್ಜಿ ಹಾಕಿ.

ಪೇಟೆಯಲ್ಲಿ ಮನೆ ಇರೋ ನಮ್ಮ ರೈತ ಮಕ್ಕಳಿಗೆ ನಾಲ್ಕು ಮಾತು.

ಮೊದಲನೇದು, ಮರ ಒಣಗೋಕೆ ಶುರು ಆದಾಗಲೇ ತೋರಿಸಿ. ಪೂರ್ತಿ ಸತ್ತ ಮೇಲೆ ಖರ್ಚೂ ಜಾಸ್ತಿ, ಜೀವಕ್ಕೂ ಅಪಾಯ. ಎಷ್ಟೋ ಸಲ ಒಂದು ಭಾರದ ಕೊಂಬೆ ಇಳಿಸಿದರೆ ಮರವೇ ಉಳಿಯುತ್ತೆ.

ಎರಡನೇದು, ಲೈನ್‌ಮನ್ ಬಂದು ಲೈನ್ ಆಫ್ ಮಾಡೋವರೆಗೆ ಕ್ರೇನ್ ತೋಳು ಮೇಲೆ ಏಳಬಾರದು. ಕಬ್ಬಿಣದ ತೋಳು ತಂತಿಗೆ ತಾಗಬೇಕು ಅಂತಲೂ ಇಲ್ಲ, ಜಾಸ್ತಿ ವೋಲ್ಟೇಜಿನ ಲೈನ್ ಆದರೆ ಹತ್ತಿರ ಹೋದರೂ ಸಾಕು.

ಮೂರನೇದು, ಮೇಲೆ ಹತ್ತೋನಿಗೆ ಹೆಲ್ಮೆಟ್, ಬೆಲ್ಟ್ ಇದೆಯಾ ಅಂತ ನೀವೇ ಕೇಳಿ. ಮೇಸ್ತ್ರಿ ಕೇಳಲ್ಲ. ರೇಟು ಇಳಿಸೋಕೆ ಚೌಕಾಸಿ ಮಾಡುವಾಗ ಕಡಿಮೆ ಆಗೋದು ಮೊದಲು ಅವನ ಸುರಕ್ಷತೆಯೇ. ನಮ್ಮ ಹಳ್ಳಿಗಳಲ್ಲಿ ತೆಂಗಿನ ಮರದಿಂದ, ಅಡಿಕೆ ಮರದಿಂದ ಬಿದ್ದು ಮಲಗಿದವರ ಮನೆ ಸ್ಥಿತಿ ಏನಾಗಿದೆ ಅಂತ ನೋಡಿದವರು ನಾವು. ಅಲ್ಲಿ ಹತ್ತೋನೂ ಯಾವುದೋ ಹಳ್ಳಿಯಿಂದ ಕೂಲಿಗೆ ಬಂದವನೇ.

ನಾಲ್ಕನೇದು, ಹೊಸದಾಗಿ ನೆಡುವಾಗ ಒಂದೇ ಜಾತಿ ಸಾಲು ಹಾಕಬೇಡಿ. ಅಮೆರಿಕದವರು ಎಲ್ಮ್ ಕಳ್ಕೊಂಡು ಅದೇ ಸಾಲಿಗೆ ಆಶ್ ನೆಟ್ಟು ಎರಡನೇ ಸಲ ಕಳ್ಕೊಂಡರು. ತೋಟಕ್ಕೆಲ್ಲ ಒಂದೇ ಬೆಳೆ ಹಾಕಿ ರೋಗ ಬಂದಾಗ ತಲೆ ಮೇಲೆ ಕೈ ಇಟ್ಕೊಳ್ಳೋ ನಮಗೂ ಈ ಪಾಠ ಹೊರಗಿಂದ ಬರಬೇಕಿಲ್ಲ. ಬೇವು, ಹೊಂಗೆ, ನೇರಳೆ, ಹೊಳೆದಾಸವಾಳ ಬೆರೆಸಿ ನೆಡಿ. ಗೋಡೆಯಿಂದ ದೂರ ಇರಲಿ, ಬುಡಕ್ಕೆ ಮಣ್ಣು ಕಾಣೋ ಹಾಗೆ ನಾಲ್ಕು ಅಡಿ ಜಾಗ ಬಿಡಿ.

ಮೂವತ್ತು ವರ್ಷ ಆದ ಮೇಲೆ ಆ ಮರಕ್ಕೆ ಕ್ರೇನ್ ಬರುತ್ತಾ, ಇಲ್ಲ ಅದರ ಕೆಳಗೆ ಜನ ಕುರ್ಚಿ ಹಾಕ್ಕೊಂಡು ಕೂರ್ತಾರಾ ಅನ್ನೋದು ಬಹಳ ಮಟ್ಟಿಗೆ ಗುಂಡಿ ತೋಡೋ ದಿನವೇ ತೀರ್ಮಾನ ಆಗಿರುತ್ತೆ. ನಿಮ್ಮೂರಲ್ಲಿ ಮನೆಗಳ ನಡುವಿನ ಮರವನ್ನ ಹೇಗೆ ಇಳಿಸ್ತಾರೆ, ಹಗ್ಗ ಹಾಕೋ ಹಳೇ ಕೈಚಳಕದವರು ಯಾರಾದರೂ ಇನ್ನೂ ಇದ್ದಾರಾ? ಇದ್ದರೆ ಅವರ ಹತ್ತಿರ ಕೂತು ಕೇಳಿ ಬರೀರಿ. ಆ ವಿದ್ಯೆಯೂ ಉಳೀಬೇಕು.